ಕೇಳಿದವರು ಒಂದು ಮಾತು ಬರೆಯಬೇಕು

ದಿನಾಂಕ 11-2-2008, ಸೋಮವಾರ, ಬೆಳಿಗ್ಗೆ 10.20. ಬಸವಕಲ್ಯಾಣದ ಠಾಣೆಗೆ ಅಜೀಮುದ್ದೀನ್ ಬಂದರು. ಕೋಟೆಗೆ ಹೋಗುವ ರಸ್ತೆಯಲ್ಲಿ ಮೂವತ್ತು ವರ್ಷಗಳಿಂದ ರೇಡಿಯೊ, ಟೇಪ್ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಎರಡು ರಾತ್ರಿ ನಿದ್ದೆಗೆಟ್ಟ ಮುಖ. ಪಿಎಸ್‌ಐ ಬಸವಣಪ್ಪ ಕುರ್ಚಿ ತೋರಿಸಿದರು.

"ಏನ್ ಕಳವಾಗ್ಯದ?"

"ಇಯರ್‌ಫೋನ್ ರಿ."

ಬರೆಯಲು ಕುಳಿತಿದ್ದ ಹೆಡ್ ಕಾನ್‌ಸ್ಟೇಬಲ್ ಪೀರ್ ಪಾಷಾ ಪೆನ್ನು ಕೆಳಗಿಟ್ಟ. "ಚಾಚಾ, ಬಸ್ ಸ್ಟ್ಯಾಂಡಿನಾಗ ಹಗ್ಗಕ್ಕ ಜೋತು ಬಿಟ್ಟಿರತಾರಲ್ಲ, ಅದಾ?"

"ಅಂಥಾದ್ದು ನಿನ್ನ ಕಿವಿಗೆ ಸಾಕು. ಇದರ ಕಿಮ್ಮತ್ ಇಪ್ಪತ್ತೆರಡು ಸಾವಿರ."

ಪೀರ್ ಪಾಷಾ ಪೆನ್ನು ಮತ್ತೆ ಎತ್ತಿಕೊಂಡ.

ಜೆಡ್ಡಾದಲ್ಲಿ ಕೆಲಸಕ್ಕಿದ್ದ ಹೆಂಡತಿಯ ತಮ್ಮ ಎರಡು ವರ್ಷದ ಹಿಂದೆ ತಂದುಕೊಟ್ಟ ವಸ್ತು. ಕಿವಿಯ ಮೇಲಲ್ಲ, ಕಿವಿಯ ತೂತಿನೊಳಗೇ ಕೂರುವಂಥದ್ದು. ಶನಿವಾರ ಸಂಜೆ ಆರೂವರೆಗೆ ಅಜೀಮುದ್ದೀನ್ ಮಗರಿಬ್ ನಮಾಜಿಗೆ ಹೋಗುವಾಗ ಅಂಗಡಿಯನ್ನು ಫಿರೋಜನ ಮೇಲೆ ಬಿಟ್ಟಿದ್ದರು. ಹಿಂದಿರುಗಿ ಬಂದಾಗ ಫಿರೋಜನೂ ಇರಲಿಲ್ಲ, ಇಯರ್‌ಫೋನೂ ಇರಲಿಲ್ಲ.

"ಫಿರೋಜ್ ಯಾರು?"

ಅಜೀಮುದ್ದೀನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಬರೋ ಐತವಾರ ನಮ್ಮ ಸಿಮ್ರಾನ್ ಜೊತಿ ನಿಕಾಹ್ ಅದ. ಆ ಟೈಮಿಗೆ ಎಲ್ಲಿ ಹೋಗಿದ್ದಿ ಅಂದ್ರ ಬಾಯಿ ಬಿಡವಲ್ಲ. ಕಳ್ಳಗ ಮಗಳನ್ನ ಹ್ಯಾಂಗ ಕೊಡ್ಲಿ ಸಾಹೇಬ್ರ?"

ಬಸವಣಪ್ಪ ಕ್ಯಾಲೆಂಡರ್ ನೋಡಿದರು. ಭಾನುವಾರಕ್ಕೆ ಆರು ದಿನ. ಐಪಿಸಿ 380ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಅಂಗಡಿಯಲ್ಲಿ ಸ್ಥಳ ಪಂಚನಾಮೆ. ಬಾಗಿಲ ಬಳಿ ಒಂದು ಉದ್ದ ಬೆಂಚು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ದಪ್ಪ ನೋಟ್‌ಬುಕ್. ಅದರ ಮೇಲೆ: 'ಪುಕ್ಕಟೆ ಕೇಳಬಹುದು. ಕೇಳಿದವರು ಒಂದು ಮಾತು ಬರೆಯಬೇಕು.'

ಬಸವಣಪ್ಪ ಹಾಳೆ ತಿರುವಿದರು. ಹುಲಸೂರ ಬಸ್ಸಿನ ಕಂಡಕ್ಟರ್ ಬರೆದಿದ್ದ: 'ಹಾಡೋರು ಹಾಡೋಕಿನ್ನ ಮೊದಲ ತುಟಿ ಬಿಚ್ಚೋ ಸದ್ದು ಕೇಳ್ತು. ನನ್ನ ಕಿವ್ಯಾಗ ಯಾರೋ ಎಲಿ ಅಡಿಕಿ ಹಾಕ್ಕೊಂಡಂಗಾಯ್ತು.' ಮಂಠಾಳದ ಮಾಸ್ತರರು: 'ಸಿತಾರ್ ಬಲಗಡೆ, ತಬಲಾ ಎಡಗಡೆ, ಹಾಡೋರು ನನ್ನ ಹಣಿ ಮ್ಯಾಲ ಕುಂತಿದ್ದರು.' ಘಾಟಬೋರಾಳದ ಒಬ್ಬ ರೈತ: 'ಇಷ್ಟು ಸಾಫ್ ಕೇಳಬಾರ್ದು. ಮಂದಿ ಮನಿಯೊಳಗ ಇಣುಕಿದಂಗ ಆಗತದ.'

"ನಿಮ್ಮ ಮಾತು ಎಲ್ಲಿ?" ಬಸವಣಪ್ಪ ಕೇಳಿದರು.

"ಮೊದಲನೇ ಹಾಳಿ. ಬೈದು ಬರದೀನಿ." ಅಜೀಮುದ್ದೀನ್ ಮೊದಲ ಸಲ ನಕ್ಕರು. "ಒಂದು ತಿಂಗಳು ಇದು ಬರೀ ತಗಡಿನ ಡಬ್ಬಿ ಅಂದ್ಕೊಂಡಿದ್ದೆ. ಆಮ್ಯಾಲೆ ತಿಳೀತು, ತುದಿಗೆ ಹಾಕೋ ರಬ್ಬರ್ ನನ್ನ ಕಿವಿಗೆ ಸಣ್ಣದಾಗಿತ್ತು. ಸಂದ್ಯಾಗ ಗಾಳಿ ಹೋದ್ರ ತಬಲಾದ ತೂಕಾನೇ ಹೋಯ್ತು. ದೊಡ್ಡ ರಬ್ಬರ್ ಹಾಕಿದೆ. ಯಾ ಅಲ್ಲಾ, ಅವತ್ತು ಊಟಾ ಮರತೆ!"

ಮೇಜಿನ ಮೇಲೆ ಚರ್ಮದ ಡಬ್ಬಿ ಹಾಗೇ ಇತ್ತು. ಪಕ್ಕದಲ್ಲಿ ಕಳಚಿಟ್ಟ ಎರಡು ದೊಡ್ಡ ರಬ್ಬರುಗಳು. ಡಬ್ಬಿಯಲ್ಲಿ ಮಧ್ಯಮ ಅಳತೆಯ ಜೋಡಿ ಇತ್ತು, ಸಣ್ಣ ಜೋಡಿ ಇರಲಿಲ್ಲ.

ಕಳವಿನ ಜಾಗದಲ್ಲಿ ಉಳಿದ ವಸ್ತುವನ್ನು ಮೊದಲು ನೋಡಬೇಕೆಂಬುದು ಬಸವಣಪ್ಪನವರು ಕಾನ್‌ಸ್ಟೇಬಲ್ ಆಗಿದ್ದಾಗಲೇ ಕಲಿತ ಪಾಠ. "ಪಾಷಾ, ಮಾರೋ ಕಳ್ಳ ಇದ್ದಿದ್ರ ಡಬ್ಬಿ ಸಮೇತ ಒಯ್ತಿದ್ದ. ಇವ ನಿಂತು ರಬ್ಬರ್ ಬದಲಿ ಮಾಡ್ಕೊಂಡು ಹೋಗ್ಯಾನ. ಕೇಳಾಕ ಒಯ್ದಾನ. ಕಿವಿ ಸಣ್ಣದು."

3.40ಕ್ಕೆ ಫಿರೋಜನ ವಿಚಾರಣೆ. ಟೈರ್ ಅಂಗಡಿಯ ಹುಡುಗ, ಎತ್ತರದ ಆಳು. ಅವನ ದೊಡ್ಡ ಕಿವಿ ನೋಡಿದ ಕೂಡಲೇ ಪೀರ್ ಪಾಷಾ ಕೆಮ್ಮಿ ನಗು ನುಂಗಿದ.

"ಶನಿವಾರ ಆರೂವರೆಗೆ ಎಲ್ಲಿದ್ದಿ?"

"ಅಂಗಡ್ಯಾಗ್ರಿ."

"ಆಮ್ಯಾಲ?"

"ಹೊರಗ."

"ಹೊರಗ ಅಂದ್ರ? ಹೈದರಾಬಾದೂ ಹೊರಗೇ ಅದ."

ಫಿರೋಜ್ ನೆಲ ನೋಡಿದ. ಅಜೀಮುದ್ದೀನ್ ಖಾಲಿ ರೀಫಿಲ್ ತುದಿಗೆ ಮಧ್ಯಮದ ರಬ್ಬರ್ ಸಿಕ್ಕಿಸಿ ಅವನ ಕಿವಿಗೆ ಇಟ್ಟರು. ಅದು ಜಾರಿ ಕೊರಳಪಟ್ಟಿಯೊಳಗೆ ಬಿತ್ತು.

"ನಿಮ್ಮ ಅಳಿಯನ ಕಿವಿ ನಿರಪರಾಧಿ," ಎಂದರು ಬಸವಣಪ್ಪ. "ಬಾಯಿದು ಮಾತ್ರ ಇನ್ನಾ ಗೊತ್ತಾಗವಲ್ದು."

ಮಂಗಳವಾರ ಬೆಳಿಗ್ಗೆ ಬೆಂಚಿನ ಕಾಯಂ ಗಿರಾಕಿಗಳನ್ನೆಲ್ಲ ಕರೆಸಲಾಯಿತು. ಹನ್ನೊಂದು ಜನ, ಇಪ್ಪತ್ತೆರಡು ಕಿವಿ. ಒಬ್ಬೊಬ್ಬರಿಗೂ ರಬ್ಬರನ್ನು ಸ್ಪಿರಿಟಿನಲ್ಲಿ ಒರೆಸಿ ಹಚ್ಚಲಾಯಿತು. ಠಾಣೆಯ ಎದುರಿನ ಚಹಾದ ಅಂಗಡಿಯವನು, ಪೊಲೀಸರು ಕಿವಿ ಚುಚ್ಚುತ್ತಿದ್ದಾರೆಂದು ಸುದ್ದಿ ಹಬ್ಬಿಸಿ ಜನ ಸೇರಿಸಿದ. ಮಧ್ಯಮದ ರಬ್ಬರು ಏಳು ಜನಕ್ಕೆ ಸರಿಹೊಂದಿತು, ನಾಲ್ವರಿಗೆ ಸಡಿಲವಾಯಿತು. ಬಿಗಿ ಎಂದವರು ಒಬ್ಬರೂ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ವಿಜಯಶ್ರೀ ಕೈ ಚಾಚಿದಳು. "ಇಲ್ಲಿ ಕೊಡ್ರಿ." ಕಿವಿಗೆ ಒತ್ತಿದಳು. ಹೋಗಲಿಲ್ಲ. "ಸರ್, ನೀವು ಮೀಸಿ ಇದ್ದವರ ಕಿವಿ ಅಷ್ಟೇ ಅಳದೀರಿ."

ಪೀರ್ ಪಾಷಾ ತನ್ನ ಮೀಸೆ ಮುಟ್ಟಿಕೊಂಡ. ಅಷ್ಟರಲ್ಲಿ ದುಪಟ್ಟಾ ಸರಿಮಾಡಿಕೊಳ್ಳುತ್ತ ಸಿಮ್ರಾನ್ ಒಳಗೆ ಬಂದಳು. ಅಲ್ಲೇ ಕುಳಿತಿದ್ದ ಅಪ್ಪನತ್ತ ನೋಡದೆ ಬಸವಣಪ್ಪನವರಿಗೇ ಹೇಳಿದಳು: "ಸಾಹೇಬ್ರ, ಶನಿವಾರ ಅಬ್ಬಾ ನಮಾಜಿಗೆ ಹೋದ ಮ್ಯಾಲ ಫಿರೋಜ್ ನಮ್ಮ ಮನಿ ಹಿತ್ತಲ ಬಾಗಿಲಿಗೆ ಬಂದಿದ್ರು. ನಿಕಾಹಕ್ಕ ಮುಂಚೆ ಭೇಟಿ ಆಗಬಾರ್ದು ಅಂತ ಅಬ್ಬಾ ಹೇಳ್ಯಾರ. ನನ್ನ ಹೆಸರು ಕೆಡತದಂತ ಅವರು ಬಾಯಿ ಬಿಡವಲ್ರು."

"ಎಷ್ಟೊತ್ತು ಇದ್ದ?"

"ಹತ್ತು ಮಿನಿಟ್."

"ಹದಿನೈದು," ಎಂದ ಗೋಡೆಗೆ ಒರಗಿ ನಿಂತಿದ್ದ ಫಿರೋಜ್. ಈ ಪ್ರಕರಣದಲ್ಲಿ ಅವನು ತಾನಾಗಿ ಕೊಟ್ಟ ಮೊದಲ ಹೇಳಿಕೆ ಅದು.

ಪೀರ್ ಪಾಷಾ ನಕ್ಕ. ಅಜೀಮುದ್ದೀನ್ ನಗಲಿಲ್ಲ. ಅವರ ಕಣ್ಣು ಮಗಳ ಕಿವಿಯ ಮೇಲಿತ್ತು. ಸಣ್ಣ ಕಿವಿ. "ಇಬ್ಬರೂ ಕೂಡೇ ಮಾಡೀರೇನು? ನಿಜ ತಿಳಿಯೋತನಾ ನಿಕಾಹ್ ಬಂದ್," ಎಂದು ಎದ್ದು ಹೋದರು. ಸಿಮ್ರಾನಳ ಕಣ್ಣು ತುಂಬಿತು. ವಿಜಯಶ್ರೀ ಅವಳಿಗೆ ಚಹಾ ತರಿಸಿಕೊಟ್ಟಳು.

ಬುಧವಾರ, 13-2-2008, ಬೆಳಿಗ್ಗೆ 11.30. ಅಜೀಮುದ್ದೀನ್ ಓಡುತ್ತ ಬಂದರು. ಕೈಯಲ್ಲಿ ಒಂದು ಪೋಸ್ಟ್ ಕಾರ್ಡ್. ಹುಮನಾಬಾದದ ಮುದ್ರೆ, ಸೋಮವಾರದ್ದು. ಸಹಿ ಇಲ್ಲ.

'ಅಜೀಮಸಾಬರಿಗೆ ಶರಣು. ಕೇಳಿದ ಮ್ಯಾಲ ಒಂದು ಮಾತು ಬರೀಬೇಕಂತ ನಿಮ್ಮ ಅಂಗಡಿ ರಿವಾಜು ಅದ. ಕೇಳೀನಿ, ಅದಕ್ಕ ಬರಿಯಾಕತ್ತೀನಿ. ಉಸ್ತಾದರ ಕ್ಯಾಸೆಟ್ಟಿನಾಗ ಡಗ್ಗಾದ ದನಿ ಮೊದಲ ತಳಕ್ಕ ಇಳೀತದ, ತಳದಾಗ ಒಂದು ಸುತ್ತು ಹಾಕತದ, ಆಮ್ಯಾಲೆ ಕಂಠಕ್ಕ ಏರತದ. ಏಳು ಸಲ ಕಾಸಿದ ತಾಮ್ರ ಹಿಂಗೇ ಮಾತಾಡತದ. ಹೊಟ್ಟಿ ಎಡಕ್ಕ ಒಂದು ಪೆಟ್ಟು ಹೆಚ್ಚು ಬಿದ್ದದ, ಅದೂ ಕೇಳತದ. ವಸ್ತು ಜತನ ಅದ. ಐತವಾರದೊಳಗ ಮುಟ್ಟಸ್ತೀನಿ.'

"ಸಾಹೇಬ್ರ, ಎರಡು ವರ್ಷದಾಗ ಇಂಥಾ ಮಾತು ಯಾರೂ ಬರದಿಲ್ಲ!" ಅಜೀಮುದ್ದೀನರಿಗೆ ಕಳವು ಮರೆತೇ ಹೋಗಿತ್ತು. "ತಳದಾಗ ಒಂದು ಸುತ್ತು! ಆ ಕ್ಯಾಸೆಟ್ ನನ್ನ ಅಂಗಡ್ಯಾಗೂ ಅದ, ನಾನೂ ಕೇಳೀನಿ, ಹೇಳಾಕ ಬಂದಿದ್ದಿಲ್ಲ."

"ಕಳವು ಮಾಡಿ ಮ್ಯಾಲ ಕಾಗದಾನೂ ಬರೀತಾರೇನ್ರಿ?" ಪೀರ್ ಪಾಷಾ ಬೆರಗಾದ.

"ವಸ್ತು ಒಯ್ದದ್ದು ಒಂದು. ರಿವಾಜು ಮುರಿಯೋದು ಇನ್ನೊಂದು. ಎರಡನೇದು ಇವರಿಂದ ಆಗಿಲ್ಲ." ಬಸವಣಪ್ಪ ಕಾರ್ಡನ್ನು ಮತ್ತೆ ಓದಿದರು. ಡಗ್ಗಾ ಎಂದರೆ ತಬಲಾ ಜೋಡಿಯಲ್ಲಿ ಎಡಗೈಯ ವಾದ್ಯ. ಅದರ ಮೇಲೆ ಚರ್ಮ, ಕೆಳಗೆ ತಾಮ್ರದ ಗಡಿಗೆ. ಬಾರಿಸುವವರು ಚರ್ಮದ ಮಾತಾಡುತ್ತಾರೆ. ಈ ಕಾರ್ಡಿನಲ್ಲಿದ್ದದ್ದು ಬರೀ ತಾಮ್ರದ ಮಾತು. ಬಸವಣಪ್ಪನವರ ಮದುವೆಯಲ್ಲಿ ಮಾವ ಕೊಟ್ಟ ಹಂಡೆ ಹುಮನಾಬಾದದ ತಾಂಬಟ ಓಣಿಯದು. ಅಲ್ಲಿ ತಾಮ್ರವನ್ನು ಕಾಸಿ ಬಡಿದು, ಮತ್ತೆ ಕಾಸಿ ಬಡಿಯುವುದನ್ನು ಅವರು ನಿಂತು ನೋಡಿದ್ದರು.

"ರಿಪೇರಿ ರಜಿಸ್ಟರ್ ತರ್ರಿ."

5-2-2008ರ ಸಾಲು: ಟು-ಇನ್-ಒನ್, ಇಯರ್‌ಫೋನ್ ಸಿಕ್ಕಿಸುವ ತೂತು ಕೆಟ್ಟಿದೆ. ಮಾಣಿಕಪ್ಪ, ತಾಂಬಟ ಓಣಿ, ಹುಮನಾಬಾದ. 8ಕ್ಕೆ ಒಯ್ದಿದ್ದಾರೆ.

"ಯಾರು ತಂದಿದ್ರು?"

"ಅಂವನ ಹೇಣ್ತಿ."

"ಹುಮನಾಬಾದದಾಗ ರಿಪೇರಿ ಅಂಗಡಿ ಇಲ್ಲೇನು?"

"ನಾಕು ಅವ." ಅಜೀಮುದ್ದೀನ್ ಆ ಸಾಲಿನ ಮೇಲೆ ಬೆರಳಿಟ್ಟರು. "ಮನ್ಯಾಗ ಇಯರ್‌ಫೋನ್ ಇಲ್ಲದವರಿಗೆ ಆ ತೂತು ಯಾತಕ್ಕ?"

"ಈಗ ಮನೀಗೆ ಹೋಗ್ರಿ. ಮಗಳಿಗೆ, ಅಳಿಯಗ ಹೇಳೋದು ಹೇಳ್ರಿ."

ಗುರುವಾರ ಮಧ್ಯಾಹ್ನ 3.25ಕ್ಕೆ ಜೀಪು ಹುಮನಾಬಾದದ ತಾಂಬಟ ಓಣಿ ತಲುಪಿತು. ಅಜೀಮುದ್ದೀನರೂ ಜೊತೆಗಿದ್ದರು. ಓಣಿ ತುಂಬ ಸುತ್ತಿಗೆಯ ಸದ್ದು. ಪಕ್ಕದವರಿಗೆ ಮಾತು ಕೇಳಬೇಕಾದರೆ ಕೂಗಬೇಕು. ಮಾಣಿಕಪ್ಪ ಜಗಲಿಯಲ್ಲಿ ಹಂಡೆ ಬಡಿಯುತ್ತಿದ್ದ. ಪೊಲೀಸರನ್ನು ಕಂಡು ಸುತ್ತಿಗೆ ಇಟ್ಟ.

ಒಳಗೆ ಗೋಡೆಗೆ ಒರಗಿ ಒಬ್ಬ ಹೆಂಗಸು ಕುಳಿತಿದ್ದಳು. ಐವತ್ತು ವರ್ಷ ಇರಬಹುದು. ಕಣ್ಣು ಮುಚ್ಚಿತ್ತು. ಸೆರಗಿನೊಳಗಿಂದ ಒಂದು ಕರಿ ವೈರು ಟೇಪಿಗೆ ಇಳಿದಿತ್ತು.

"ಪೊಲೀಸ್!" ಎಂದ ಪೀರ್ ಪಾಷಾ. ಆಕೆ ಅಲುಗಲಿಲ್ಲ. ಮತ್ತೆ ಕೂಗಿದ. ಬಾಗಿಲು ಬಡಿದ. ಓಣಿಯ ಸುತ್ತಿಗೆಗಳೆಲ್ಲ ನಿಂತವು, ಆಕೆಯ ತಲೆ ಮಾತ್ರ ತಾಳಕ್ಕೆ ತೂಗುತ್ತಿತ್ತು.

"ಬೀಗ ಹಾಕಿದಂಗ ಕೂಡತದ್ರಿ ಸರಿ ರಬ್ಬರ್ ಇದ್ರ," ಎಂದರು ಅಜೀಮುದ್ದೀನ್, ತಮ್ಮ ವಸ್ತುವಿನ ಬಗ್ಗೆ ಹೆಮ್ಮೆಯಿಂದ.

ವಿಜಯಶ್ರೀ ಹೋಗಿ ಭುಜ ಮುಟ್ಟಿದಳು. ಆಕೆ ಕಣ್ಣು ಬಿಟ್ಟು, ಖಾಕಿ ನೋಡಿ, ಮೊದಲು ಟೇಪು ಬಂದ್ ಮಾಡಿದಳು.

"ನಿಮ್ಮ ಹೆಸರು?"

"ತುಳಜಾಬಾಯಿ."

"ಇದು ಯಾರದು?"

"ಅಜೀಮಸಾಬರದು. ಯಾಕ, ಕಾಗದ ಮುಟ್ಟಿಲ್ಲೇನ್ರಿ?"

"ಮುಟ್ಯದ. ಕೇಳದೇ ಯಾಕ ಒಯ್ದಿರಿ?"

"ಮೂರು ಸಲ ಬಂದೀನ್ರಿ ಕೇಳಬೇಕಂತ. ಬೆಂಚಿನ ತುಂಬ ಗಂಡಸರು. ನಡು ಹೋಗಿ ನಂಗೂ ಹಚ್ಚರಿ ಅನ್ನಾಕ ಬಾಯಿ ಬರಲಿಲ್ಲ. ರಬ್ಬರ್ ಬದಲಿ ಮಾಡೋದು ಬಾಗಿಲಾಗ ನಿಂತೇ ಕಲ್ತೆ. ಶನಿವಾರ ಬಂದಾಗ ಅಂಗಡ್ಯಾಗ ಒಂದು ಹುಳಾ ಇದ್ದಿಲ್ಲ. ಯಾರನ್ನ ಕೇಳ್ಲಿ?"

"ಯಾವ ಹಾಡಿಗಾಗಿ ಇಷ್ಟೆಲ್ಲ?"

"ಹಾಡು ಯಾರಿಗೆ ಬೇಕ್ರಿ? ಆ ಡಗ್ಗಾ ನಂದು."

ಬಸವಣಪ್ಪ ಮಾಣಿಕಪ್ಪನತ್ತ ತಿರುಗಿದರು. ಅವನು ಕೈ ಒರೆಸಿಕೊಂಡ. "ಖರೇರಿ. ಊರಾಗ ನನ್ನ ಹೆಸರು ನಡೀತದ. ಆಕಾರ ನಾ ಬಡೀತೀನಿ, ದನಿ ಅಕಿ ತರತಾಳ. ಉಸ್ತಾದರು ಹೈದರಾಬಾದಿನಿಂದ ಬಂದು ಡಗ್ಗಾ ಒಯ್ದು, ಆಮ್ಯಾಲೆ ಅದನ್ನ ಬಾರಿಸಿದ ಈ ಕ್ಯಾಸೆಟ್ ಕಳಿಸಿದ್ರು. ಈ ಗದ್ದಲದಾಗ ಏನ್ ಕೇಳತದ? ಬರೀ ಧಬ್ ಧಬ್."

3.50ಕ್ಕೆ ಜಪ್ತಿ ಪಂಚನಾಮೆ. ಪಂಚರು ಎದುರಿನ ಕಿರಾಣಿಯವರು ಮತ್ತು ಒಬ್ಬ ದರ್ಜಿ. ವಸ್ತು ಅದೇ ಎಂದು ಖಾತ್ರಿಯಾಗದೆ ಸಹಿ ಹಾಕುವುದಿಲ್ಲ ಎಂದರು ಕಿರಾಣಿಯವರು. ಅಜೀಮುದ್ದೀನ್ ಜೇಬಿನಿಂದ ಮಧ್ಯಮದ ರಬ್ಬರ್ ತೆಗೆದು ಹಾಕಿ ಕೇಳಿಸಿದರು. ಅರ್ಧ ನಿಮಿಷದ ಕೆಲಸಕ್ಕೆ ಏಳು ನಿಮಿಷ ತೆಗೆದುಕೊಂಡರು. ದರ್ಜಿ ಕಿವಿಯಿಂದ ತೆಗೆಯಲೇ ಒಪ್ಪಲಿಲ್ಲ. "ನಂಗ ಇನ್ನಾ ಖಾತ್ರಿ ಆಗಿಲ್ರಿ," ಎಂದ, ಕಣ್ಣು ಮುಚ್ಚಿಕೊಂಡೇ.

ಅಷ್ಟರಲ್ಲಿ ಓಣಿಯ ಸುತ್ತಿಗೆಗಳು ಮತ್ತೆ ಶುರುವಾಗಿದ್ದವು. ಕೊನೆಗೆ ಬಸವಣಪ್ಪ ಕೇಳಿದರು. ಮೊದಲು ಓಣಿ ಮಾಯವಾಯಿತು, ಕುದಿಯುವ ಗಡಿಗೆಗೆ ಮುಚ್ಚಳ ಹಾಕಿದ ಹಾಗೆ. ಆಮೇಲೆ ಚರ್ಮದ ಮೇಲೆ ಅಂಗೈ ಜಾರುವ ಸದ್ದು. ಅದರ ಹಿಂದೆ ತಾಮ್ರ. ಬಾವಿಗೆ ಇಳಿದ ಕೊಡ ತುಂಬುತ್ತ ತುಂಬುತ್ತ ದನಿ ಏರಿಸುವ ಹಾಗೆ ಅದು ಏರಿತು. ಎಡಗಡೆ, ಬಲು ಸಣ್ಣಗೆ, ಒಂದು ಹೆಚ್ಚಿನ ಪೆಟ್ಟಿನ ಗುಂಗು.

ಅವರು ಇಯರ್‌ಫೋನ್ ತೆಗೆದು, ಪಂಚನಾಮೆಗೆ ತಾವೇ ಒಂದು ಸಾಲು ಸೇರಿಸಿದರು: 'ಪಂಚರ ಸಮಕ್ಷಮ ಕೇಳಲಾಗಿ, ಡಗ್ಗಾದ ದನಿ ತಳದಲ್ಲಿ ಒಂದು ಸುತ್ತು ಹಾಕಿ ಮೇಲಕ್ಕೆ ಏರಿರುತ್ತದೆ.'

4.40ಕ್ಕೆ, ಹೊತ್ತು ಮುಳುಗುವ ಮೊದಲೇ, ವಿಜಯಶ್ರೀ ತುಳಜಾಬಾಯಿಯನ್ನು ದಸ್ತಗಿರಿ ಮಾಡಿದಳು. ಮಾಣಿಕಪ್ಪ ಚಾದರ ಹಿಡಿದು ಜೀಪು ಹತ್ತಿದ. ದಾರಿಯುದ್ದಕ್ಕೂ ಅಜೀಮುದ್ದೀನ್ ಆಕೆಯನ್ನು ತಿರುಗಿ ತಿರುಗಿ ಕೇಳುತ್ತಿದ್ದರು. ಏಳು ಸಲ ಯಾಕ, ಆರು ಸಲ ಕಾಸಿದ್ರ ಏನಾಗತದ?

"ಆರಕ್ಕ ನಿಲ್ಲಿಸಿದ್ರ ನಿಮ್ಮ ಮೊದಲನೇ ತಿಂಗಳಿನಂಗ ತಗಡಿನ ಡಬ್ಬಿ ಆಗತದ್ರಿ," ಎಂದಳು ತುಳಜಾಬಾಯಿ. ಬಾಗಿಲಲ್ಲಿ ನಿಂತು ಅವಳು ನೋಟ್‌ಬುಕ್ಕನ್ನೂ ಓದಿದ್ದಳು.

ಶುಕ್ರವಾರ ನ್ಯಾಯಾಲಯ ಜಾಮೀನು ಕೊಟ್ಟಿತು. ಜಾಮೀನುದಾರ ಯಾರೆಂದು ಕೇಳಿದಾಗ ಫಿರ್ಯಾದಿ ಅಜೀಮುದ್ದೀನರೇ ಎದ್ದು ನಿಂತರು. ಗುಮಾಸ್ತರು ಹೆಸರನ್ನು ಎರಡು ಸಲ ಓದಿಸಿಕೊಂಡರು.

ಭಾನುವಾರ ನಿಕಾಹ್ ಆಯಿತು. "ಬೇಟಾ, ಮಾಫ್ ಮಾಡು," ಎಂದು ಅಜೀಮುದ್ದೀನ್ ಅಳಿಯನನ್ನು ಅಪ್ಪಿಕೊಂಡರು. "ಮಾಮು, ಕಿವಿ ದೊಡ್ಡದಿದ್ದದ್ದು ಚಲೋ ಆಯ್ತು," ಎಂದ ಫಿರೋಜ್. ತುಳಜಾಬಾಯಿ ಒಂದು ತಾಮ್ರದ ತಂಬಿಗೆ ತಂದಿದ್ದಳು. ಸಿಮ್ರಾನಳ ಕೈಗೆ ಕೊಡುವ ಮೊದಲು ಉಗುರಿನಿಂದ ಅದರ ಕಂಠಕ್ಕೆ ಒಮ್ಮೆ ಮೀಟಿ, ಅವಳ ಕಿವಿಯ ಹತ್ತಿರ ಹಿಡಿದಳು. ಸಿಮ್ರಾನ್ ನಕ್ಕು, ಇನ್ನೊಮ್ಮೆ ಎಂದಳು.

ಮೇ ತಿಂಗಳಲ್ಲಿ ತುಳಜಾಬಾಯಿ ತಪ್ಪೊಪ್ಪಿಕೊಂಡಳು. ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು. ಅಷ್ಟರಲ್ಲಿ ಇಯರ್‌ಫೋನ್ ಅಂಗಡಿಗೆ ಮರಳಿತ್ತು, ಪೋಸ್ಟ್ ಕಾರ್ಡನ್ನು ಅಜೀಮುದ್ದೀನ್ ನೋಟ್‌ಬುಕ್ಕಿಗೆ ಅಂಟಿಸಲು ಕೇಳಿ ಪಡೆದಿದ್ದರು. ಅಂಗಡಿಯಲ್ಲಿದ್ದ ಆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಉಸ್ತಾದರ ಹೆಸರಿನ ಕೆಳಗೆ ಅಜೀಮುದ್ದೀನರ ಕೈಯ ಅಕ್ಷರದಲ್ಲಿ ಈಗ ಇನ್ನೊಂದು ಹೆಸರಿತ್ತು: ತುಳಜಾಬಾಯಿ.

ಕೇಸ್ ಡೈರಿ ಮುಚ್ಚುವ ಮುನ್ನ ಕಳವಿನ ಕಾರಣದ ಎದುರು ಬಸವಣಪ್ಪ ಬರೆದರು: 'ಆರೋಪಿತಳು ಇಪ್ಪತ್ತಾರು ವರ್ಷಗಳಿಂದ ಡಗ್ಗಾ ಮಾಡಿರುತ್ತಾಳೆ. ಒಂದರ ದನಿಯನ್ನೂ ಪೂರ್ತಿ ಕೇಳಿರುವುದಿಲ್ಲ.'

ಪೀರ್ ಪಾಷಾ ಓದಿ ತಲೆ ಕೆರೆದುಕೊಂಡ. "ಇದಕ್ಕ ಯಾವ ಸೆಕ್ಷನ್ ರಿ?"

"ಸೆಕ್ಷನ್ ಇಲ್ಲೋ. ಅಜೀಮಸಾಬರ ಬೆಂಚಿನ ಮ್ಯಾಲ ಒಂದು ಜಾಗಾ ಅದ. ಮಂಗಳವಾರಕ್ಕೊಮ್ಮೆ ಬಂದು ಕೂಡತಾಳ, ಗಂಡಸರು ಸರದು ಕೂಡತಾರ."