ಅಜ್ಜಿಯ ಮಗ್ಗುಲಿನ ಪಂಪು

ನಿಂಕೆ ಪಂಪ್‌ಹೌಸಿನೊಳಗೆ ಕಾಲಿಟ್ಟಾಗ ಅಲ್ಲಿನ ಪಂಪು ನೋಡಿಕೊಳ್ಳುವ ಫೆಡ್ಡೆ ಹಳೆಯ ಪಂಪಿಗೆ ಎಣ್ಣೆ ಬಿಡುತ್ತಾ ಅದರ ಜೊತೆ ಮಾತಾಡುತ್ತಿದ್ದ.

"ಇವಳು ಅಜ್ಜಿ," ಎಂದ, ಒಂದಿಷ್ಟೂ ನಾಚದೆ. "ನಾನು ಹುಟ್ಟೋಕೆ ಮುಂಚಿಂದ ಈ ಊರವರ ಕಾಲು ಒದ್ದೆಯಾಗದ ಹಾಗೆ ನೋಡ್ಕೊಂಡಿದಾಳೆ. ನೀವು ಜಲಮಂಡಳಿ ಇಂಜಿನಿಯರ್ರಾ? ಕಾಫಿ ಕುಡೀರಿ."

ಕಾಫಿಯ ಜೊತೆ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟ. ಮುಚ್ಚಳ ಟಪ್ಪೆಂದು ಬಿತ್ತು. ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಅತಿಥಿಗೆ ಒಂದೇ ಬಿಸ್ಕತ್ತು; ಎರಡನೆಯದು ಮನೆಯವರೆನಿಸಿದವರಿಗೆ ಮಾತ್ರ.

ಊರು ಕಾಲುವೆಗಿಂತ ತಗ್ಗಿನಲ್ಲಿತ್ತು. ಮಳೆ ಬಂದರೆ ನೀರನ್ನು ಮೇಲೆತ್ತಿ ಕಾಲುವೆಗೆ ಹಾಕಲೇಬೇಕು, ಅಜ್ಜಿಯೊಬ್ಬಳಿಂದ ಈಗ ಅದು ಆಗುತ್ತಿರಲಿಲ್ಲ. ಹಾಗಾಗಿ ಅವಳ ಮಗ್ಗುಲಿಗೆ ಬಾಡಿಗೆಯ ದೊಡ್ಡ ಪಂಪೊಂದನ್ನು ತಂದು, ಎರಡರ ನೀರೂ ಒಂದೇ ಪೈಪಿಗೆ ಸೇರುವಂತೆ ಜೋಡಿಸಿದ್ದರು. ಇವತ್ತು ಪರೀಕ್ಷೆ. ಸರಿಹೋದರೆ ಮೇಲಧಿಕಾರಿ ಬೌಮಾ ಅಂಥದೇ ಹೊಸ ಪಂಪಿಗೆ ಆರ್ಡರ್ ಕೊಡುವವರಿದ್ದರು.

ಇದು ಸರಿಹೋಗದು ಎಂದು ನಿಂಕೆಗೆ ಮೊದಲೇ ಗೊತ್ತಿತ್ತು. ಮೀಟಿಂಗಿನಲ್ಲಿ ಹೇಳಲು ಬಾಯಿ ತೆರೆದಿದ್ದಳು. ಬೌಮಾರ ಗಟ್ಟಿ ದನಿ ಬೇರೇನನ್ನೋ ಶುರುಮಾಡಿತು, ಅವಳ ಮಾತು ಅದರಡಿ ಮುಚ್ಚಿಹೋಯಿತು. ಯಾವಾಗಲೂ ಹಾಗೆಯೇ.

ಎರಡೂ ಪಂಪುಗಳು ಶುರುವಾದವು. ಫೆಡ್ಡೆ ಕಣ್ಣುಮುಚ್ಚಿ ಕೇಳಿಸಿಕೊಳ್ಳುತ್ತಾ ನಿಂತ. ಕೆನ್ನೆಯ ಮೇಲೊಂದು ಎಣ್ಣೆಯ ಗೀಟು. ಒಂದು ಯಂತ್ರವನ್ನು ಇಷ್ಟು ಅಕ್ಕರೆಯಿಂದ ಕೇಳುವವನನ್ನು ನಿಂಕೆ ಕಂಡಿರಲಿಲ್ಲ. ನೋಡಬಾರದೆಂದುಕೊಂಡೇ ನೋಡಿದಳು. ಆಮೇಲೆ ಅವಳ ಕಣ್ಣು ಅಜ್ಜಿಯ ಪೈಪಿನತ್ತ ಹೋಯಿತು. ನೀರು ತಳ್ಳಿ ಪೈಪಿನೊಳಗಿನ ಕವಾಟ ತೆರೆದಾಗ ಮೇಲೇಳಬೇಕಾದ ಕಬ್ಬಿಣದ ತೋಳು ಮಲಗಿಯೇ ಇತ್ತು.

"ಅಜ್ಜಿ ನೀರೆತ್ತುತ್ತಿಲ್ಲ," ಎಂದಳು.

ಸದ್ದಿನಲ್ಲಿ ಅವನು ಕಿವಿಯನ್ನು ಅವಳ ಹತ್ತಿರ ತಂದ. ಎರಡನೆಯ ಸಲ ಹೇಳಿದಾಗ ಅವನ ಮುಖ ಬಾಡಿತು.

"ಓ. ಆಫೀಸಿನೋರಿಗೆ ಅವಳನ್ನ ಗುಜರಿಗೆ ಹಾಕ್ಬೇಕು. ಅದಕ್ಕೊಂದು ನೆಪ."

ನಿಂಕೆ ಅಲ್ಲವೆಂದು ತಲೆಯಾಡಿಸಿದಳು. ಅವನ ಕೈಹಿಡಿದು ಅಜ್ಜಿಯ ಹೊಟ್ಟೆಯ ಮೇಲಿಟ್ಟಳು. ತಾನು ಹಾಗೆ ಮಾಡಿದ್ದು ಅವಳಿಗೆ ಆಮೇಲೆಯೇ ಅರಿವಾಯಿತು.

"ಬೆಚ್ಚಗಿದೆಯಲ್ಲ," ಎಂದ ಫೆಡ್ಡೆ. ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ದೊಡ್ಡದರ ಒತ್ತಡ ಇವಳ ಕವಾಟ ತೆರೆಯೋಕೆ ಬಿಡ್ತಿಲ್ಲ. ಹೊಟ್ಟೆಯಲ್ಲಿರೋ ನೀರನ್ನೇ ಕಲಕ್ತಾ ಬಿಸಿಯಾಗ್ತಿದಾಳೆ. ಹೀಗೇ ಬಿಟ್ರೆ ಸುಟ್ಟುಹೋಗ್ತಾಳೆ."

ಅವನು ತಕ್ಷಣ ಅಜ್ಜಿಯ ಸ್ವಿಚ್ ಆರಿಸಿದ. ಆಗಲೇ ಬಾಗಿಲಲ್ಲಿ ಬೌಮಾ, ಮಳೆಕೋಟು ಕೊಡವುತ್ತಾ. "ಚೆನ್ನಾಗಿ ಓಡ್ತಿದೆಯಲ್ಲಪ್ಪಾ! ಆರ್ಡರ್ ಕಳಿಸೋಣ್ವಾ?"

ನಿಂಕೆ ಏನೋ ಅಂದಳು. ಬೌಮಾ ಅದರ ಮೇಲೆಯೇ ಮಾತು ಮುಂದುವರಿಸಿದರು.

ಫೆಡ್ಡೆ ನಡೆದುಹೋಗಿ ದೊಡ್ಡ ಪಂಪನ್ನೂ ನಿಲ್ಲಿಸಿದ. ಹೊರಗಿನ ಮಳೆ ಕೇಳುವಷ್ಟು ಮೌನ. "ಇವರು ಏನೋ ಹೇಳ್ತಿದ್ರು, ಸಾರ್," ಎಂದ.

ತನ್ನ ಒಂದು ಮಾತಿಗಾಗಿ ಯಾರೂ ಈವರೆಗೆ ಇಷ್ಟು ದೊಡ್ಡ ಸದ್ದನ್ನು ನಿಲ್ಲಿಸಿರಲಿಲ್ಲ. ನಿಂಕೆ ಹೇಳಿದಳು. ಒಂದೇ ಅಳತೆಯ ಎರಡು ಹೊಸ ಪಂಪು ಬೇಕು, ಒಂದು ಇನ್ನೊಂದನ್ನು ತಡೆಯದ ಹಾಗೆ. ಅಜ್ಜಿಗೆ ಬೇರೆಯದೇ ಪೈಪು, ಸಣ್ಣ ಮಳೆಗೆ ಅವಳೇ ಸಾಕು.

"ಎರಡು ಹಾಕಿದ್ರೆ ಎರಡರಷ್ಟು ನೀರು ಬರುತ್ತಾ?" ಬೌಮಾ ಕೇಳಿದರು.

"ಇಲ್ಲ. ಅದೇ ಪೈಪಲ್ಲಿ ನೀರು ಹೆಚ್ಚಾದಷ್ಟೂ ತಡೆ ಹೆಚ್ಚು. ಎರಡರಷ್ಟಕ್ಕಿಂತ ಸ್ವಲ್ಪ ಕಮ್ಮಿಯೇ. ಆ ಲೆಕ್ಕದಲ್ಲೇ ಆರಿಸಿದೀನಿ. ಮತ್ತೆ, ಒಂದೇ ಓಡೋ ದಿನ ಅದು ಜೊತೆಯಲ್ಲಿದ್ದಾಗಿನದಕ್ಕಿಂತ ಜಾಸ್ತಿ ನೀರು ತಳ್ಳಬೇಕಾಗುತ್ತೆ. ಮೋಟಾರು ಆ ಒಂಟಿ ದಿನವನ್ನೂ ತಾಳೋಹಾಗಿರಬೇಕು."

ಬೌಮಾ ಅಜ್ಜಿಯನ್ನು ತಾವೇ ಮುಟ್ಟಿ ನೋಡಿದರು. "ಮೊದಲೇ ಹೇಳಬಾರದಿತ್ತೇನಮ್ಮಾ?" ಎಂದು ಗೊಣಗಿ, ನಿಂಕೆಯ ಲೆಕ್ಕದಂತೆಯೇ ಆರ್ಡರ್ ಕಳಿಸುತ್ತೇನೆಂದು ಹೊರಟರು.

ಫೆಡ್ಡೆ ಕಾಫಿ ಮತ್ತೆ ಬಿಸಿಮಾಡಿದ.

"ಗುಜರಿ ಅಂದಿದ್ದು ತಪ್ಪಾಯ್ತು," ಎಂದ ಲೋಟ ಕೊಡುತ್ತಾ. "ಒಂಟಿ ದಿನ ಜಾಸ್ತಿ ಕೆಲಸ ಅಂದ್ರಲ್ಲ, ಅದು ನನಗೆ ಲೆಕ್ಕ ಮಾಡದೇನೇ ಗೊತ್ತು."

ನಿಂಕೆ ಲೋಟದೊಳಗೆ ನೋಡಿದಳು. "ನನಗೂ."

ಅವನು ಡಬ್ಬಿ ತೆರೆದು ಇಬ್ಬರ ನಡುವೆ ಇಟ್ಟ. ಮುಚ್ಚಳವನ್ನು ಎತ್ತಿ ಅಜ್ಜಿಯ ನೆತ್ತಿಯ ಮೇಲಿಟ್ಟು ಅಲ್ಲಿಯೇ ಬಿಟ್ಟ. ನಿಂಕೆ ಎರಡನೆಯ ಬಿಸ್ಕತ್ತು ತೆಗೆದುಕೊಂಡಳು. ಕಿವಿಯ ತುದಿವರೆಗೂ ಕೆಂಪಾದಳು.

"ನಾಳೆ ನನಗಿಲ್ಲಿ ಏನೂ ಕೆಲಸ ಇಲ್ಲ," ಎಂದಳು.

"ಗೊತ್ತು. ಆದ್ರೂ ಬಾ."

"ಬರ್ತೀನಿ." ಪಂಪುಗಳ ಸದ್ದು ನಿಂತಿದ್ದ ಆ ಕೋಣೆಯಲ್ಲಿ ಅವಳ ದನಿ ಅಗತ್ಯಕ್ಕಿಂತ ಗಟ್ಟಿಯಾಗಿಯೇ ಕೇಳಿಸಿತು.