ಮೂವತ್ತೆರಡನೆಯ ಬಾಚಣಿಗೆ

ಹದಿನಾಲ್ಕು ವರ್ಷಗಳಿಂದ ನಾನು ನಗರದ ಸರ್ಕಾರಿ ಶಾಲೆಯೊಂದರಲ್ಲಿ ನರ್ಸ್. ಎಣಿಕೆಯಲ್ಲಿ ತಪ್ಪುವವಳಲ್ಲ. ಹೇನು ತಪಾಸಣೆಯ ದಿನ ತಲೆಗೊಂದು ಬಾಚಣಿಗೆ ಎಂಬುದು ನನ್ನ ಕಟ್ಟುನಿಟ್ಟು. ಬಳಸಿದ್ದನ್ನು ಔಷಧಿ ನೀರಿನ ಬಕೆಟ್ಟಿಗೆ ಹಾಕಿಬಿಡುತ್ತೇನೆ.

ಅವತ್ತು ಐದನೆಯ ತರಗತಿಯ ಹುಡುಗಿಯರ ಸರದಿ. ಮಟಮಟ ಮಧ್ಯಾಹ್ನ. ಒಬ್ಬೊಬ್ಬರೇ ಬಂದು ನನಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ನನಗೆ ಕಾಣುವುದು ನೆತ್ತಿಗಳೇ ಹೊರತು ಮುಖಗಳಲ್ಲ. ನಡುವೆ ಒಂದು ತಲೆ ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು. ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಲೆ ಒಣಗಿಸ್ಕೊಂಡು ಬರಬಾರ್ದೇನೆ? ನೆಗಡಿ ಆಗುತ್ತೆ," ಎಂದು ಗದರಿದೆ.

"ಎಷ್ಟು ಒರೆಸಿದ್ರೂ ಒಣಗಲ್ಲ ಸಿಸ್ಟರ್," ಎಂದು ಎದ್ದುಹೋದಳು.

ಕೊನೆಗೆ ಟೀಚರ್ ಹಾಜರಿ ಪುಸ್ತಕ ಹಿಡಿದು ಬಂದರು. "ಇವತ್ತು ಬಂದಿರೋದು ಮೂವತ್ತೊಂದು ಜನ."

ಬಕೆಟ್ಟಿನಲ್ಲಿ ಮೂವತ್ತೆರಡು ಬಾಚಣಿಗೆಗಳಿದ್ದವು.

"ಆ ಒದ್ದೆ ತಲೆ ಹುಡುಗಿ ಯಾರು?"

"ಒದ್ದೆ ತಲೆನಾ? ನಾನೇ ಸಾಲಲ್ಲಿ ನಿಲ್ಲಿಸಿ ಕಳಿಸಿದ್ದು ಸಿಸ್ಟರ್. ಹಾಗಿರೋರು ಯಾರೂ ಇರ್ಲಿಲ್ಲ. ನೀವೇ ಲೆಕ್ಕ ತಪ್ಪಿರ್ಬೇಕು."

ನಾನು ತಪ್ಪಿರಲಿಲ್ಲ. ಬಾಚಣಿಗೆಗಳನ್ನು ತೊಳೆದು ಕಿಟಕಿಯ ಬಿಸಿಲಿಗೆ ಹರವಿದೆ. ಸಂಜೆಯೊಳಗೆ ಮೂವತ್ತೊಂದು ಒಣಗಿದವು.

ಹೆದರಿಕೊಂಡು ಕೂರಲು ನನಗೆ ಪುರುಸೊತ್ತಿಲ್ಲ. ಮೂರು ವಾರದ ಮೇಲೆ, ನಾಳೆ ಅದೇ ತರಗತಿಗೆ ಮತ್ತೆ ತಪಾಸಣೆ. ಬ್ಯಾಗಿಗೆ ಒಂದು ಒಳ್ಳೆಯ ಟವೆಲ್ ಹಾಕಿಕೊಂಡಿದ್ದೇನೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ? ಉಳಿದ ಆ ಒಂದು ಬಾಚಣಿಗೆಯನ್ನು ಅವತ್ತಿನಿಂದ ದಿನಾ ಒರೆಸಿಡುತ್ತಿದ್ದೇನೆ. ಅದರ ಹಲ್ಲುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಲೇ ಇದೆ.