ಅಕ್ಕನ ಕಾಲು ನೆಲದೊಳಗೆ ಹೋದ ಕೇಸು

ಬೆಳಗಿನ ಚಹಾಕ್ಕೆ ನೀರಿಟ್ಟು ಅಡುಗೆ ಅಕ್ಕ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಅಲ್ಲಿ ನೆಲ ಇರಲಿಲ್ಲ.

ಹಲಗೆ ಲಟಕ್ಕೆಂದಿತು. ಬಲಗಾಲು ಮೊಣಕಾಲಿನವರೆಗೆ ಒಳಗೆ ಇಳಿಯಿತು. ಕೈಯಲ್ಲಿದ್ದ ಸಕ್ಕರೆ ಡಬ್ಬ ಮಾತ್ರ ನೆಟ್ಟಗಿತ್ತು, ಒಂದು ಕಾಳೂ ಚೆಲ್ಲಿರಲಿಲ್ಲ. ಜೀವ ಹೋದರೂ ಸಕ್ಕರೆ ಚೆಲ್ಲಬಾರದು ಎನ್ನುವ ಜಾತಿಯ ಅಡುಗೆಯವರು ಅವರು.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ ಅದು. ಸದ್ದು ಕೇಳಿ ಮೊದಲು ಓಡಿಬಂದವಳು ರೀಲು. ಕನ್ನಡಕದಂಗಡಿಯಲ್ಲಿ ಕೆಲಸ, ಬಾಯಿ ತೆಗೆದರೆ ಸಿನಿಮಾ ಡೈಲಾಗು, ಹೇಳಿದ್ದರಲ್ಲಿ ಮುಕ್ಕಾಲು ಪಾಲು ಬುರುಡೆ. ಹಾಗಾಗಿ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಅವಳಿಗೆ ರೀಲು ಎಂದು ಹೆಸರಿಟ್ಟಿತ್ತು. ಮೊನ್ನೆಮೊನ್ನೆ ವಾರ್ಡನ್ ಮೇಡಂ ಚಪ್ಪಲಿಯೊಳಗೆ ರಬ್ಬರ್ ಹಲ್ಲಿ ಇಟ್ಟ ಖ್ಯಾತಿಯೂ ಅವಳದೇ.

ಅವತ್ತು ಅವಳ ಬಾಯಿಂದ ಡೈಲಾಗು ಬರಲಿಲ್ಲ. ಅಕ್ಕನ ಕಂಕುಳಿಗೆ ಕೈಹಾಕಿ ಎಳೆದಳು. ಕಾಲು ಬಂತು, ಜೊತೆಗೆ ಮುಗ್ಗಲು ವಾಸನೆಯೂ ಬಂತು. ರೀಲು ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಶೀಟನ್ನು ಎತ್ತಿ ನೋಡಿದಳು. ಕೆಳಗಿನ ಹಲಗೆ ಚಹಾದಲ್ಲಿ ಅದ್ದಿದ ಬ್ರೆಡ್ಡಿನಂತೆ ಮೆತ್ತಗಾಗಿತ್ತು. ಅದರ ಕೆಳಗಿನ ತೊಲೆಯ ಮೇಲೆ ಕಪ್ಪು ಬೂಷ್ಟು. ಅಷ್ಟಿಷ್ಟಲ್ಲ, ಕರಡಿ ಮರಿಯೊಂದು ಮಲಗಿದಂತೆ ರೋಮರೋಮವಾಗಿ ಬೆಳೆದಿತ್ತು.

ಆಗ ವಾರ್ಡನ್ ಮೇಡಂ ಎಂಟ್ರಿ ಆಯಿತು. ಹೊರಗೆ ಕಾಗೆಗಳೂ ನೆರಳು ಹುಡುಕುವ ಬೇಸಿಗೆ. ಹುಡುಗಿಯರೆಲ್ಲ ಊಟದ ತಟ್ಟೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಮೇಡಂ ಮಾತ್ರ ಉಣ್ಣೆಯ ಸ್ವೆಟರಿನಲ್ಲಿ. ಕೇಳಿದರೆ ಶೀತ ಪ್ರಕೃತಿ ಎನ್ನುತ್ತಿದ್ದರು.

ಮೇಡಂ ತೂತು ನೋಡಿದರು. ಅಕ್ಕನ ಕಾಲು ನೋಡಲಿಲ್ಲ.

"ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದ್ರೆ ನೆಲ ಇನ್ನೇನಾಗುತ್ತೆ?"

"ನಾನು ಬಟ್ಟೆ ಹಿಂಡಿ ಒರೆಸೋದು ಮೇಡಂ," ಎಂದರು ಅಕ್ಕ. "ನೀರು ಸುರಿಯೋದೇ ಇಲ್ಲ."

ಮೇಡಂ ಕೇಳಲಿಲ್ಲ. ಎಲ್ಲರ ಮುಂದೆ ತೀರ್ಪು ಕೊಟ್ಟೇಬಿಟ್ಟರು. ಅಕ್ಕನ ಬೇಜವಾಬ್ದಾರಿಯಿಂದ ನೆಲ ಕೊಳೆತಿದೆ, ಕಮಿಟಿಯ ಅಧ್ಯಕ್ಷರು ಸಂಜೆ ಬರುತ್ತಾರೆ, ಅವರು ಸಹಿ ಹಾಕಿದ ಮೇಲೆ ಅಕ್ಕ ಅಡುಗೆಮನೆಯ ಹಿಂದಿನ ಕೋಣೆ ಖಾಲಿ ಮಾಡಬೇಕು. ಅಕ್ಕನಿಗೆ ಬೇರೆ ಮನೆ ಇರಲಿಲ್ಲ. ಆ ಕೋಣೆಯೇ ಮನೆ.

ಅಕ್ಕ ಕುಂಟುತ್ತಾ ಹೋಗಿ ಮಂಚದಡಿಯ ಚೀಲ ಎಳೆದರು. ಬಾಗಿಲಲ್ಲಿ ನಿಂತ ರೀಲುಗೆ ಒಂದೇ ಮಾತು ಹೇಳಿದರು.

"ಕೆಲಸ ಹೋದ್ರೆ ಹೋಗಲಿ ಕಣೇ. ನೆಲ ಕೊಳೆಸಿದವಳು ಅಂತ ಹೆಸರು ಹೊತ್ಕೊಂಡು ಹೋದ್ರೆ, ಇನ್ನೊಂದು ಅಡುಗೆಮನೆ ಬಾಗಿಲು ನನಗೆ ತೆಗಿಯುತ್ತಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ರೀಲು ತೋಳು ಮಡಿಸಿದಳು. ಅಂಗಡಿಗೆ ಅವತ್ತು ರಜೆ. ಕೇಸು ಕೈಗೆ ಬಂದಿತ್ತು. ಸಂಜೆಯೊಳಗೆ ಎತ್ತನ್ನು ಹುಡುಕಬೇಕಿತ್ತು.

* * *

ಮೊದಲ ಅನುಮಾನ ಸಿಂಕಿನ ಮೇಲೆ.

ರೀಲು ಕರೆಸಿದ ಪ್ಲಂಬರ್ ಬಂದ. ತೂತಿನ ಸುತ್ತ ಲಡ್ಡಾಗಿದ್ದ ಹಲಗೆಗಳನ್ನು ಕಿತ್ತ. ಸಿಂಕಿನ ಪೈಪು ತಡವಿದ, ಮೂಸಿದ, ಟಿಶ್ಯೂ ಸುತ್ತಿ ನೋಡಿದ. ಟಿಶ್ಯೂ ಗರಿಗರಿಯಾಗಿಯೇ ಉಳಿಯಿತು. ಅನುಮಾನ ಬೇಡವೆಂದು ಇಡೀ ಕಟ್ಟಡದ ನೀರಿನ ವಾಲ್ವನ್ನೇ ಮುಚ್ಚಿಬಂದ.

ರೀಲು ಮೂಗಿಗೆ ದುಪಟ್ಟಾ ಬಿಗಿದು, ಮೊಬೈಲಿನ ಟಾರ್ಚ್ ಹಚ್ಚಿ, ತಲೆಯನ್ನು ತೂತಿನೊಳಗೆ ಇಳಿಸಿದಳು. ಒಳಗೆ ಬೇರೆಯದೇ ಲೋಕ. ಹಲಗೆ ನೆಲಕ್ಕೂ ಕೆಳಗಿನ ಮಣ್ಣಿಗೂ ನಡುವೆ ಒಂದು ಬೆಕ್ಕು ಓಡಾಡುವಷ್ಟು ಜಾಗ. ಸಿಂಕಿನ ಕಡೆಯ ತೊಲೆ ಒಣಗಿ ಬೆಳ್ಳಗಿತ್ತು. ಎದುರಿನ ಕಡೆ, ವಾರ್ಡನ್ ಆಫೀಸಿನ ಗೋಡೆಯತ್ತ ಹೋದಂತೆಲ್ಲ ಬೂಷ್ಟು ದಟ್ಟವಾಗುತ್ತಿತ್ತು.

ಟಪ್.

ರೀಲು ಕಿವಿ ನೆಟ್ಟಗೆ ಮಾಡಿದಳು.

ಟಪ್.

"ಅಣ್ಣಾ, ವಾಲ್ವ್ ಮುಚ್ಚಿದೀಯಾ?"

"ಮುಚ್ಚಿ ಆಗ್ಲೇ ಎಷ್ಟೊತ್ತಾಯ್ತು."

"ಮತ್ತೆ ತೊಟ್ಟಿಕ್ತಾ ಇದೆಯಲ್ಲ."

ಪ್ಲಂಬರ್ ಬಗ್ಗಿ ಕಿವಿ ಕೊಟ್ಟ. ಅವನ ಮುಖ ಇಂಗು ತಿಂದ ಮಂಗನಂತಾಯಿತು. "ಪೈಪಲ್ಲಿ ನೀರೇ ಇಲ್ಲ ತಂಗಿ. ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ," ಎಂದು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡ.

ಪೈಪು ನಿರ್ದೋಷಿ. ನೆಲ ಒರೆಸುವ ಬಟ್ಟೆಯೂ ನಿರ್ದೋಷಿ, ಏಕೆಂದರೆ ಬೆಳಗಿನಿಂದ ಆ ನೆಲವನ್ನು ಯಾರೂ ಒರೆಸಿರಲಿಲ್ಲ. ಆದರೂ ಒಳಗೆ ಯಾರೋ ಹೊಸದಾಗಿ ನೀರು ಬಿಡುತ್ತಿದ್ದರು.

* * *

ಎರಡನೇ ಅನುಮಾನ ಮೇಲೆ ಏರಿತು.

ಅಡುಗೆಮನೆಯ ನೇರ ಮೇಲಿನ ಕೋಣೆ ನರ್ಸ್ ಒಬ್ಬಳದು. ಅವಳ ಕಿಟಕಿಯ ತುಂಬ ಹಚ್ಚಗೆ ಹೂಕುಂಡಗಳು. ಕುಂಡಕ್ಕೆ ನೀರು, ನೀರು ಗೋಡೆಗೆ, ಗೋಡೆಯಿಂದ ನೆಲಕ್ಕೆ. ಸ್ಕ್ರೀನ್‌ಪ್ಲೇ ಪಕ್ಕಾ ಇತ್ತು. ರೀಲು ಬಾಗಿಲು ತಳ್ಳಿ ಒಳನುಗ್ಗಿ, ಸೊಂಟದ ಮೇಲೆ ಕೈಯಿಟ್ಟು, ಆಟ ಮುಗಿಯಿತು, ಇನ್ನು ಸತ್ಯ ಒಪ್ಪಿಕೋ ಎಂದು ಶುರುಮಾಡಿದಳು.

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನರ್ಸ್ ಒಂದು ಕಣ್ಣು ತೆರೆದಳು. ಎದ್ದು ಹೋಗಿ, ಒಂದು ಗಿಡವನ್ನು ಬುಡಸಮೇತ ಕಿತ್ತು ರೀಲು ಕೈಗೆ ಕೊಟ್ಟಳು.

ಪ್ಲಾಸ್ಟಿಕ್.

"ಎಲ್ಲಾ ಅದೇ. ನೀರು ಹಾಕೋಕೆ ಪುರುಸೊತ್ತಿಲ್ಲ ಅಂತಾನೇ ತಂದಿದ್ದು," ಎಂದಳು ನರ್ಸ್. "ಈಗ ದಾರಿ ಬಿಡು. ಬಟ್ಟೆ ಒಣಹಾಕಬೇಕು. ಲೇಟಾದ್ರೆ ಓಣಿ ಹಗ್ಗ ಬೇರೆಯವರು ಹಿಡಿದುಬಿಡ್ತಾರೆ."

ಸೋತ ಮುಖದಲ್ಲಿ ತಿರುಗಿದ್ದ ರೀಲು ಗಕ್ಕನೆ ನಿಂತಳು. "ತಾರಸಿ ಮೇಲೆ ಕೆಂಡದಂಥ ಬಿಸಿಲಿದೆ. ಓಣಿಲಿ ಯಾಕೆ?"

"ಓಣಿಲೇ ಬೇಗ ಒಣಗೋದು. ಆ ಹಗ್ಗಕ್ಕೆ ದಿನಾ ಜಗಳ, ನಿನಗೆ ಗೊತ್ತಿಲ್ವಾ?"

ಬಟ್ಟೆಯನ್ನು ಕುರ್ಚಿ ಮೇಲೆ ಒಣಗಿಸುವ ರೀಲುಗೆ ಅದು ಗೊತ್ತಿರಲಿಲ್ಲ. ಮೆಟ್ಟಿಲು ಹಾರಿ ಇಳಿದಳು. ಕಟ್ಟಡದ ಪಕ್ಕದ ಓಣಿಗೆ ಸೂರ್ಯ ಹುಟ್ಟಿದ್ದೇ ಗೊತ್ತಿಲ್ಲ, ಅಷ್ಟು ಕಿರಿದು. ಆದರೂ ಹಗ್ಗದ ಮೇಲಿನ ಟವೆಲ್ಲು ಹಪ್ಪಳದಂತೆ ಗರಿಗರಿ. ಅದರ ಮೇಲೊಂದು ಗವಾಕ್ಷಿ, ಅದಕ್ಕೊಂದು ರಟ್ಟಿನ ಮುಚ್ಚಳ, ರಟ್ಟಿನ ನಡುವೆ ದುಂಡನೆಯ ತೂತು. ರೀಲು ಎಗರಿ ಮುಖವೊಡ್ಡಿದಳು. ಕುದಿಯುವ ಗಾಳಿ ರಪ್ಪೆಂದು ಕೆನ್ನೆಗೆ ಬಡಿಯಿತು.

ಆ ಗವಾಕ್ಷಿ ವಾರ್ಡನ್ ಆಫೀಸಿನದು.

* * *

ರೀಲು ಅಡುಗೆಮನೆಗೆ ಓಡಿದಳು. ಉದ್ದನೆಯ ಸೌಟು ಹಿಡಿದು ಮತ್ತೆ ನೆಲದ ಮೇಲೆ ಬೋರಲು ಬಿದ್ದು, ಕೈಯನ್ನು ಭುಜದವರೆಗೆ ತೂತಿನೊಳಗೆ ಚಾಚಿದಳು. ಮರಕ್ಕೆ ತಾಗುವ ಮೊದಲೇ, ಗಾಳಿಯಲ್ಲೇ ಹನಿ ಹಿಡಿಯಬೇಕಿತ್ತು. ಟಪ್. ಸಿಕ್ಕಿತು.

ತನ್ನ ಬ್ಯಾಗಿನಿಂದ ಫ್ರೇಮಿಲ್ಲದ ಎರಡು ಕನ್ನಡಕದ ಲೆನ್ಸ್ ತೆಗೆದಳು. ಒಂದರ ಮೇಲೆ ಕೊಡದಲ್ಲಿದ್ದ ನಲ್ಲಿ ನೀರಿನ ಹನಿ, ಇನ್ನೊಂದರ ಮೇಲೆ ಸೌಟಿನ ಹನಿ. ಕಿಟಕಿಯ ಬಿಸಿಲಿಗೆ ಎರಡನ್ನೂ ಇಟ್ಟು ಕಾದಳು. ಅಕ್ಕ ಚೀಲಕ್ಕೆ ಸೀರೆ ತುಂಬುವುದನ್ನು ನಿಲ್ಲಿಸಿ, ಇವಳಿಗೆ ಬಿಸಿಲು ತಲೆಗೇರಿದೆ ಎಂದುಕೊಂಡರು.

ಹನಿಗಳು ಆರಿದವು. ನಲ್ಲಿ ನೀರಿನ ಲೆನ್ಸ್ ಮೇಲೆ ಸುಣ್ಣದ ಬಿಳಿ ಉಂಗುರ ಕೂತಿತ್ತು. ಇನ್ನೊಂದು ಲೆನ್ಸ್ ಮೇಲೆ ಕಲೆ ಎನ್ನುವುದೇ ಇರಲಿಲ್ಲ. ಕನ್ನಡಿಯಂತೆ ಹೊಳೆಯುತ್ತಿತ್ತು.

ಈ ನೀರು ರೀಲುಗೆ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ದಿನವೂ ಇದರಲ್ಲೇ ಕನ್ನಡಕ ತೊಳೆಯುತ್ತಾಳೆ.

"ಅಕ್ಕಾ, ಒಂದು ಉಂಡೆ ಹಿಟ್ಟು ಕಲಸಿ ಕೊಡಿ. ಗಟ್ಟಿಯಾಗಿ. ಲಟ್ಟಣಿಗೇನೂ ಬೇಕು."

"ಆಟ ಆಡೋ ಹೊತ್ತೇನೇ ಇದು?"

"ಅಕ್ಕಾ, ಇದುವರೆಗೂ ನಾನು ಬಿಟ್ಟಿದ್ದೆಲ್ಲ ಟ್ರೈಲರ್. ಇವತ್ತೊಂದು ಸಲ ನನ್ನ ನಂಬಿ."

ಅಕ್ಕ ಅವಳ ಮುಖವನ್ನೇ ನೋಡಿದರು. ಆಮೇಲೆ ಹಿಟ್ಟಿನ ಡಬ್ಬಕ್ಕೆ ಕೈಹಾಕಿದರು.

ಲಟ್ಟಣಿಗೆಯ ತುದಿಗೆ ಹಿಟ್ಟಿನುಂಡೆ ಮೆತ್ತಿ, ರೀಲು ಮೂರನೇ ಸಲ ಕತ್ತಲೆಗೆ ಕೈಚಾಚಿದಳು. ಒತ್ತಿದಳು. ತಿರುಚಿದಳು. ಟಪ್ ಎನ್ನುವ ಸದ್ದು ನಿಂತುಹೋಯಿತು.

* * *

ಸಂಜೆ ಊಟದ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಅಧ್ಯಕ್ಷರು ಹಿರಿಯರು, ಭಾರಿ ಮೈಯವರು, ಕರವಸ್ತ್ರ ಹಿಂಡಿ ಹಿಂಡಿ ಕತ್ತು ಒರೆಸಿಕೊಳ್ಳುತ್ತಿದ್ದರು. ಮೇಡಂ ಸ್ವೆಟರಿನ ಗುಂಡಿ ಹಾಕಿಕೊಂಡು ಕೇಸು ಮಂಡಿಸಿದರು. ಅಕ್ಕ ಗೋಡೆ ಪಕ್ಕ ಚೀಲ ಹಿಡಿದು ನಿಂತಿದ್ದರು.

"ಅಡುಗೆಯವರು ಏನಾದ್ರೂ ಹೇಳೋದಿದೆಯಾ?" ಎಂದು ಅಧ್ಯಕ್ಷರು ಕೇಳಿದರು.

ಅಕ್ಕನ ಬದಲು ರೀಲು ಮುಂದೆ ಬಂದಳು. ಅಪರಾಧಿ ಈ ಕೋಣೆಯಲ್ಲೇ ಇದ್ದಾರೆ ಎಂದಳು. ಅಧ್ಯಕ್ಷರು ಅವಳನ್ನು ಮೇಲಿಂದ ಕೆಳಗೆ ನೋಡಿ, ಹಲ್ಲಿ ಹುಡುಗಿ ನೀನೇ ತಾನೆ ಎಂದು ಕೇಳಿದರು. ಹುಡುಗಿಯರು ಕಿಸಕ್ಕೆಂದರು.

ರೀಲು ಕಾಲ ತಳ್ಳಬೇಕಿತ್ತು. ಪೈಪಿನ ಕಥೆ ಹೇಳಿದಳು, ಪ್ಲಾಸ್ಟಿಕ್ ಗಿಡದ ಕಥೆ ಹೇಳಿದಳು, ಕರಡಿ ಮರಿಯಂಥ ಬೂಷ್ಟನ್ನು ನಟಿಸಿ ತೋರಿಸಿದಳು. ಒಂದು ಕಿವಿ ಮಾತ್ರ ಆಫೀಸಿನ ಬೀಗ ಹಾಕಿದ ಬಾಗಿಲಿನತ್ತ. ಸದ್ದಿಲ್ಲ. ಉಂಡೆ ಜಾರಿಬಿಟ್ಟಿತೇ?

"ಸಾಕು ಸಾರ್, ಇವಳ ರೀಲು," ಎಂದರು ಮೇಡಂ. "ಸಹಿ ಹಾಕಿಬಿಡಿ."

ಅಧ್ಯಕ್ಷರು ಪೆನ್ನು ತೆಗೆದರು. ಅಕ್ಕ ಚೀಲ ಹೆಗಲಿಗೇರಿಸಿದರು. ಒಂದು ಹೆಜ್ಜೆ ಇಟ್ಟರು.

ಕೀಂ.

ಪೆನ್ನು ನಿಂತಿತು.

ಕೀಂ. ಕೀಂ. ಕೀಂ.

ಆಫೀಸಿನೊಳಗೆ ಯಾರೋ ಬಿಡದೆ ಶಿಳ್ಳೆ ಹಾಕುತ್ತಿದ್ದರು. ಮೇಡಂ ಕೈ ತಾನಾಗಿಯೇ ಸೊಂಟದ ಬೀಗದ ಕೈಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದು ಕೂಗುವ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು.

"ಅದು... ನನ್ನ ಮೊಬೈಲು."

"ಮೊಬೈಲ್ ನಿಮ್ಮ ಕೈಯಲ್ಲೇ ಇದೆ ಮೇಡಂ," ಎಂದಳು ರೀಲು.

ಅಧ್ಯಕ್ಷರು ಎದ್ದು ಬಾಗಿಲು ತೆಗೆಸಿದರು. ಒಳಗಿನಿಂದ ತಣ್ಣನೆ ಗಾಳಿ ಹೊರನುಗ್ಗಿತು. ಬಾಗಿಲಲ್ಲಿದ್ದ ಹುಡುಗಿಯರಿಗೆ ರೋಮಾಂಚನ. ಅಧ್ಯಕ್ಷರು ಒಳಗೆ ಕಾಲಿಟ್ಟು ಅಬ್ಬಾ ಎಂದವರು ತನಿಖೆಯ ಹೆಸರಿನಲ್ಲಿ ಸ್ವಲ್ಪ ಹೊತ್ತು ಹೊರಗೇ ಬರಲಿಲ್ಲ.

ಬೀರುವಿನ ಹಿಂದೆ, ಪರದೆಯ ಮರೆಯಲ್ಲಿ, ಗಾಲಿಯ ಮೇಲೆ ನಿಂತ ಎಸಿ ಯಂತ್ರ. ಅದರ ಕೆಂಪು ದೀಪ ಮಿನುಗುತ್ತಿತ್ತು. ದಪ್ಪ ಕೊಳವೆ ಗವಾಕ್ಷಿಗೆ ಹೋಗಿತ್ತು. ಸಣ್ಣ ಕೊಳವೆಯೊಂದು ಗೋಡೆ ಬುಡದ ತೂತಿನಿಂದ ನೆಲದಡಿಗೆ ಇಳಿದಿತ್ತು.

ರೀಲು ಗಂಟಲು ಸರಿಪಡಿಸಿಕೊಂಡು ಬಿಡಿಸಿ ಹೇಳಿದಳು. ಹಳೇ ವೈರಿಂಗು, ಯಾರಿಗೂ ಎಸಿ ಇಲ್ಲ ಎಂದು ಕಮಿಟಿ ಹೇಳಿತ್ತು. ಆ ನಿಯಮವನ್ನು ಹುಡುಗಿಯರಿಗೆ ಓದಿ ಹೇಳಿದವರೇ ಮೇಡಂ. ಹಾಗಾಗಿ ಯಂತ್ರವನ್ನು ಕದ್ದು ಇಡಬೇಕಾಯಿತು. ಇಂಥ ಯಂತ್ರ ಕೋಣೆಯ ಸೆಕೆಯನ್ನು ಹಿಂಡಿ ನೀರು ಮಾಡುತ್ತದೆ. ಬಕೆಟ್ಟಿಗೆ ಹಿಡಿದರೆ ಹೊರಗೆ ಚೆಲ್ಲುವಾಗ ಯಾರಾದರೂ ಕೇಳುತ್ತಾರೆ. ಅದಕ್ಕೇ ನೆಲದಡಿಗೆ ಬಿಟ್ಟರು. ಕೊಳವೆಯ ಬಾಯಿ ಮಣ್ಣಿಗೆ ತಲುಪದೆ ಅಡುಗೆಮನೆಯ ತೊಲೆಯ ಮೇಲೆ ನಿಂತಿತು. ಬೇಸಿಗೆಯುದ್ದಕ್ಕೂ ತೊಲೆ ನೆನೆಯಿತು, ಬೂಷ್ಟು ಹಿಡಿಯಿತು, ಹಲಗೆ ಲಡ್ಡಾಯಿತು.

"ನಲ್ಲಿ ನೀರು ಒಣಗಿದ್ರೆ ಬಿಳಿ ಕಲೆ ಬಿಡುತ್ತೆ ಸಾರ್. ಎಸಿ ನೀರು ಬಿಡಲ್ಲ. ನಮ್ಮ ಅಂಗಡಿಲೂ ಇಂಥದ್ದೇ ಯಂತ್ರ ಇದೆ, ಅದರ ನೀರಲ್ಲೇ ಕನ್ನಡಕ ತೊಳಿಯೋದು. ನೀರು ಹೊರಗೆ ಹೋಗದೆ ತುಂಬಿಕೊಂಡ್ರೆ ಹೀಗೇ ಬೊಬ್ಬೆ ಹೊಡೆಯುತ್ತೆ. ಅದಕ್ಕೇ ಕೊಳವೆ ಬಾಯಿಗೆ ಅಕ್ಕನ ಹಿಟ್ಟು ಮೆತ್ತಿದೆ. ಬಾಕಿ ಸಾಕ್ಷಿ ಮೇಡಂ ಮೈಮೇಲೇ ಇದೆ. ಈ ಸೆಕೇಲಿ ಸ್ವೆಟರ್ ಹಾಕೋರು ಯಾರು? ತಣ್ಣನೆ ಕೋಣೆಯಿಂದ ಎದ್ದು ಬಂದೋರು."

ಮೇಡಂ ಕುರ್ಚಿಯಲ್ಲಿ ಕುಸಿದರು. "ಮಣ್ಣು ಕುಡಿದುಬಿಡುತ್ತೆ ಅಂದ್ಕೊಂಡಿದ್ದೆ ಸಾರ್."

"ಬೆಳಿಗ್ಗೆ ತೂತು ನೋಡಿದಾಗ ಗೊತ್ತಾಗಲಿಲ್ವಾ?" ಕೇಳಿದವರು ಅಕ್ಕ. ದನಿ ಏರಿರಲಿಲ್ಲ.

ಮೇಡಂ ತಲೆ ತಗ್ಗಿಸಿದರು. "ಗೊತ್ತಾಯ್ತು. ಅದಕ್ಕೇ ಬೇಗಬೇಗ ನಿಮ್ಮ ಹೆಸರು ಹೇಳಿದೆ."

"ಇವತ್ತೊಂದಿನ ಆಫ್ ಮಾಡಿದ್ರೆ ಸಿಕ್ಕಿಬೀಳ್ತಿರಲಿಲ್ಲ ಮೇಡಂ," ಎಂದಳು ರೀಲು.

"ಏನ್ ಮಾಡ್ಲಿ. ಇವತ್ತು ಸೆಕೆ ಜಾಸ್ತಿ ಇತ್ತು."

* * *

ಅಧ್ಯಕ್ಷರು ಬೀಗದ ಕೈಗೊಂಚಲು ಇಸಿದುಕೊಂಡರು. ಮೇಡಂ ನೌಕರಿಯ ತೀರ್ಮಾನ ಕಮಿಟಿಗೆ ಬಿಟ್ಟರು. ಕೊಳೆತ ತೊಲೆ, ಹಲಗೆ ತೆಗೆಸಬೇಕು, ಉಳಿದ ಬೂಷ್ಟನ್ನು ಮೂಗು ಮುಚ್ಚಿಕೊಂಡು ಉಜ್ಜಿಸಬೇಕು, ನೆಲದಡಿ ಪೂರ್ತಿ ಒಣಗುವ ತನಕ ಆ ಎಸಿ ಯಂತ್ರ ಅಡುಗೆಮನೆಯಲ್ಲೇ ತೇವ ಹೀರುತ್ತಿರಬೇಕು ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, ದಯವಿಟ್ಟು ಇರಿ ಎಂದು ಕೇಳಿಕೊಂಡರು.

ಅಕ್ಕ ಮೇಡಂ ಕಡೆ ನೋಡಿದರು.

"ಬೆಳಿಗ್ಗೆ ಎಲ್ಲರ ಮುಂದೆ ಅಂದ್ರಿ. ಈಗ್ಲೂ ಎಲ್ಲರ ಮುಂದೇನೇ ಹೇಳಿ."

ಮೇಡಂ ಎದ್ದು ನಿಂತರು. ತಪ್ಪು ನನ್ನದು, ಅಡುಗೆಯವರದಲ್ಲ ಎಂದರು. ಹಿಂದಿನ ಸಾಲಿಗೆ ಕೇಳಲಿಲ್ಲವಂತೆ, ಹುಡುಗಿಯರು ಇನ್ನೊಮ್ಮೆ ಹೇಳಿಸಿದರು.

ಆಗ ಅಕ್ಕ ಕುರ್ಚಿ ಎಳೆದು, ನೋಯುವ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತರು. ಇವತ್ತಿನ ರಾತ್ರಿ ಅಡುಗೆ ನೀವೇ ಮಾಡಿ ಎಂದರು. ಎಲ್ಲರೂ ಸೇರಿ ಊಟದ ಹಾಲ್‌ನ ಮೂಲೆಯಲ್ಲಿ ಒಲೆ ಹೂಡಿದರು. ನರ್ಸ್ ತರಕಾರಿ ಹೆಚ್ಚಿದಳು. ಅಧ್ಯಕ್ಷರು ಈರುಳ್ಳಿ ಸುಲಿದು ಅತ್ತರು. ಮೇಡಂ ಸ್ವೆಟರು ಬಿಚ್ಚಿ ಪಾತ್ರೆ ತೊಳೆದರು. ಉಪ್ಪು ಹಾಕುವ ಖಾತೆ ರೀಲುಗೆ ಸಿಕ್ಕಿತು.

ಅಕ್ಕ ಒಂದು ಚಮಚ ರುಚಿ ನೋಡಿದರು. ಕಣ್ಣು ಮುಚ್ಚಿದರು. ಕಷ್ಟಪಟ್ಟು ನುಂಗಿದರು.

"ನಾಳೆ ಬೆಳಿಗ್ಗೆಯಿಂದ ಒಲೆ ಹತ್ರ ಒಬ್ಬರೂ ಸುಳೀಬೇಡಿ," ಎಂದರು. "ನಾನಿದೀನಲ್ಲ."